ಬಾಯಿತುಂಬ ಕ್ಷಮೆ

"ಕರ್ತನೇ, ಸಾಮಿಲ್ ಸಾಹುಕಾರರನ್ನ ಕ್ಷಮಿಸಪ್ಪಾ!" ಎಂದು ದರ್ಜಿ ಹೆಂಗಸು ಸಭೆಯ ನಡುವೆ ಎದ್ದು ನಿಂತು ಗಂಟಲು ಹರಿಯುವಂತೆ ಪ್ರಾರ್ಥಿಸಿದಳು. "ಕೆಲಸ ಬೇಗ ಸಾಗ್ಲಿ ಅಂತ ಗರಗಸದ ಮುಚ್ಚಳ ತೆಗೆಸಿದ್ರಲ್ಲ, ಅದನ್ನ ಕ್ಷಮಿಸು. ನನ್ನ ಗಂಡನ ಬಲಗೈ ಹೋದ್ಮೇಲೆ, ಅವನು ಕುಡಿದಿದ್ದ ಅಂತ ಊರೆಲ್ಲ ಸಾರ್‍ಕೊಂಡು ಬಂದ್ರಲ್ಲ, ಅದನ್ನೂ ಕ್ಷಮಿಸು. ಹಾಸಿಗೆ ಹಿಡಿದಿರೋ ಅವರ ಮಗಳನ್ನ ಎಬ್ಬಿಸು." ಪ್ರತಿ ಭಾನುವಾರವೂ ಇದೇ ಪ್ರಾರ್ಥನೆ. ಶತ್ರುವಿಗಾಗಿ ಬೇಡುವವಳನ್ನು ಸುಮ್ಮನಿರು ಎನ್ನಲು ಪಾದ್ರಿಗೂ ಬಾಯಿಲ್ಲ. ಮುಂದಿನ ಬೆಂಚಿನಲ್ಲಿ ಸಾಹುಕಾರನ ಕಿವಿ ಕೆಂಪೇರುವುದನ್ನು ಕಂಡರೆ ಅವಳಿಗೆ ವಾರವಿಡೀ ಹೊಟ್ಟೆ ತಣ್ಣಗಿರುತ್ತಿತ್ತು.

ಇವತ್ತು ಸಾಹುಕಾರ ಎದ್ದು ನಿಂತ. ಜಗಳಕ್ಕೇ ಬಂದ ಎಂದು ಅವಳು ಸೊಂಟಕ್ಕೆ ಕೈ ಕೊಟ್ಟಳು. ಅವನ ಕಣ್ಣಲ್ಲಿ ನೀರಿತ್ತು. "ಅಕ್ಕಾ, ಡಾಕ್ಟ್ರೇ ಕೈಬಿಟ್ಟಿದ್ದ ಮಗಳು ನಿನ್ನೆ ಎದ್ದು ಓಡಾಡಿದ್ಲು. ನಿಮ್ಮ ಪ್ರಾರ್ಥನೆ ಮುಟ್ತು. ಮುಚ್ಚಳ ತೆಗೆಸಿದ್ದು ನಾನೇ. ನಿಮ್ಮ ಯಜಮಾನ್ರು ಅವತ್ತು ಕುಡಿದಿರ್ಲಿಲ್ಲ."

"ಸ್ತೋತ್ರ!" ಎಂದು ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿ ಹಾಡತೊಡಗಿತು. ಅವಳು ಮಾತ್ರ ಗೋಡೆಯ ಶಿಲುಬೆಯನ್ನು ದುರುಗುಟ್ಟಿ ನೋಡಿದಳು. "ಬಾಯಲ್ಲಿ ಅಂದಿದ್ದನ್ನೇ ಹಿಡ್ಕೊಂಡ್ಯಾ? ಅವನು ಹಾಳಾಗ್ಲಿ ಅಂತ ಒಳಗೊಳಗೇ ಬೇಡಿದ್ದು ನಿನಗೆ ಕೇಳಿಸ್ಲೇ ಇಲ್ವಾ?" ಎಂದು ಹಲ್ಲು ಕಡಿದಳು. ಪಕ್ಕದಲ್ಲಿ ಗಂಡ ಎಂದಿನಂತೆ ಎಡ ಅಂಗೈ ಚಾಚಿ ಕಾಯುತ್ತಿದ್ದ. ಹಾಡುವಾಗ ಅವನ ಚಪ್ಪಾಳೆಗೆ ಅವಳ ಕೈಯೇ ಆಗಬೇಕಿತ್ತು. ಸಾಹುಕಾರನ ಕೆನ್ನೆಗೆಂದು ಇಷ್ಟು ದಿನ ಎತ್ತಿಟ್ಟಿದ್ದ ಏಟುಗಳನ್ನೆಲ್ಲ ಅವಳು ಆ ಅಂಗೈಗೆ ಬಾರಿಸಿದಳು. ಹಾಡಿನ ತಾಳ ಮಾತ್ರ ಒಮ್ಮೆಯೂ ತಪ್ಪಲಿಲ್ಲ.