ಪಿನ್ನಿನ ಹಿಂದೆ ಉಳಿದ ಮಾತು

ಶಿವಲೀಲಾಳ ಕಿವಿಯ ಹಿಂದಿನ ತೂತಿನೊಳಗೆ ಫೋನ್ ಪಿನ್ನಿನ ತುದಿ ಮುರಿದು ಕೂತು ಮೂರು ದಿನವಾಗಿತ್ತು. ವೈರು ಇನ್ನೂ ಚುಚ್ಚಿಕೊಂಡೇ ಇದೆಯೆಂದು ಮೈ ನಂಬಿತ್ತು. ಹಾಗಾಗಿ ಮಾತೆಲ್ಲ ವೈರಿನತ್ತಲೇ ಹೋಗಿ, ಬಾಯಿಂದ ದನಿಯೇ ಹೊರಡುತ್ತಿರಲಿಲ್ಲ. ಇವತ್ತೋ, ತಮ್ಮ ಕೊಟ್ರೇಶನ ಮಗುವಿನ ನಾಮಕರಣ. ಸೋದರತ್ತೆಯೇ ಅದರ ಕಿವಿಯಲ್ಲಿ ಹೆಸರು ಹೇಳಬೇಕು.

ರಿಪೇರಿ ಅಂಗಡಿಯ ದಾದಾಪೀರ್ ಪೆನ್ನಿನ ಖಾಲಿ ರೀಫಿಲ್ಲಿನ ತುದಿಗೆ ಒಂದು ಹನಿ ಅಂಟು ಹಚ್ಚಿದ. “ಅಲುಗಾಡಬ್ಯಾಡ್ರಿ ಅಕ್ಕೋರೆ. ಅಂಟು ಪಕ್ಕಕ್ಕೆ ತಾಗಿದ್ರೆ ತೂತು ಮುಚ್ಚಿಹೋಗತ್ತೆ, ದನಿ ಮತ್ತೆ ಬರಂಗಿಲ್ಲ.” ಆಮೇಲೆ ಮಗುವನ್ನೆತ್ತಿಕೊಂಡು ನಿಂತಿದ್ದ ಕೊಟ್ರೇಶನತ್ತ ತಿರುಗಿದ. “ನೀವು ಹೊರಗಿರ್ರಿ. ಸಿಕ್ಕಿಕೊಂಡಿದ್ದ ಮಾತೇ ಮೊದಲು ಬರೋದು. ಮನೆಯವ್ರು ಕೇಳಬಾರ್ದು.”

“ನಮ್ಮಕ್ಕನ ಮಾತಲ್ವಾ, ಇಲ್ಲೇ ಇರ್ತೀನಿ.”

ಬೇಡ ಎನ್ನಲು ಶಿವಲೀಲಾಳಿಗೆ ದನಿಯಿಲ್ಲ. ಕೈಯಾಡಿಸೋಣವೆಂದರೆ ರೀಫಿಲ್ಲು ಒಳಗಿಳಿದುಬಿಟ್ಟಿತ್ತು. ತನ್ನನ್ನು ಕೇಳದೆ ನಾಮಕರಣದ ದಿನ ಗೊತ್ತುಮಾಡಿದನೆಂದು ಮೊನ್ನೆ ಅವನೊಂದಿಗೇ ಫೋನಿನಲ್ಲಿ ಜಗಳವಾಡಿ ವೈರು ಕಿತ್ತೆಳೆದಿದ್ದಳು. ಆಗ ಆಡಿದ ಕೊನೆಯ ಮಾತು ಅವನನ್ನು ತಲುಪದೆ, ಮುರಿದ ತುದಿಯ ಹಿಂದೆಯೇ ಉಳಿದಿತ್ತು.

ದಾದಾಪೀರ್ ಅರವತ್ತು ಎಣಿಸಿ ಮೆಲ್ಲಗೆ ಎಳೆದ. ಟಕ್ಕೆಂದು ತುದಿ ಹೊರಬಂತು.

“ನಿನ್ನ ಮಗು ಮುಖಾನೂ ನೋಡಲ್ಲ ನಾನು. ನೀನೇ ಹೆಸರಿಟ್ಕೋ ಹೋಗು!” ಶಿವಲೀಲಾಳ ದನಿ ಅಂಗಡಿ ತುಂಬ ಮೊಳಗಿತು.

ದಾದಾಪೀರ್ ತಲೆ ತಗ್ಗಿಸಿದ. ಕೊಟ್ರೇಶನ ಮುಖ ಬಿಳಿಚಿಕೊಂಡಿತು. ಆದರೂ ಅವನು ಕುಲಾವಿ ಸರಿಸಿ, ಮಗುವಿನ ಕಿವಿಯನ್ನು ಅಕ್ಕನ ತುಟಿಯ ಹತ್ತಿರ ತಂದ.

“ಅದು ಮೊನ್ನೇದು. ಇವತ್ತಿಂದು ಹೇಳಕ್ಕ.”