ಬೋರೇಗೌಡರ ಒಂಬತ್ತು ಪಾಯಿಂಟು

ಊರಿನ ಕಬಡ್ಡಿ ಸಂಘದ ಹಳೆಯ ಅಂಕಪುಸ್ತಕಗಳನ್ನೆಲ್ಲ ಫೋನಿನ ಎಐಗೆ ತುಂಬಿಸಿದ್ದರು. ಯಾವ ಪ್ರಶ್ನೆಗೆ ಯಾವ ಪುಸ್ತಕ ನೋಡಬೇಕೆಂದು ಅದಕ್ಕೆ ತಿಳಿಸುವ ಟಿಪ್ಪಣಿಯನ್ನು ಬೋರೇಗೌಡರ ಸೊಸೆ ಬರೆಯುತ್ತಿದ್ದಳು. ಗೌಡರು ಮೆಲ್ಲಗೆ ಬಂದು ಪಕ್ಕದಲ್ಲಿ ಕೂತರು. ಎಂಬತ್ತನಾಲ್ಕರ ಫೈನಲ್ಲಿನಲ್ಲಿ ತಾನೊಬ್ಬನೇ ಒಂಬತ್ತು ಪಾಯಿಂಟು ತಂದೆನೆಂದು ನಲವತ್ತು ವರ್ಷ ಹೇಳಿಕೊಂಡು ತಿರುಗಿದವರು ಅವರು. ಪುಸ್ತಕದಲ್ಲಿದ್ದದ್ದು ಸೊನ್ನೆ.

"ನಾಳೆ ನಂಗೆ ಸನ್ಮಾನ ಕಣವ್ವ. ಸೊನ್ನೆ ಅಂತ ಯಾರ್ಗೂ ಹೇಳ್ಬ್ಯಾಡ ಅಂತ ಬರಿ."

"ಯಾರ್ ಹೇಳಿದ್ದು ಅಂತ ಬರೀಲಿ, ಮಾವ?"

"ನನ್ ಹೆಸ್ರೇ ಹಾಕು. ಅದ್ಕೂ ಒಸಿ ಭಯ ಇರ್ಲಿ!"

ಮರುದಿನ ಶಾಲು ಹೊದಿಸುವ ಮುಂಚೆ ಅಧ್ಯಕ್ಷರು ಫೋನನ್ನು ಮೈಕಿಗೆ ಹಿಡಿದರು. "ಎಂಬತ್ನಾಕರ ಫೈನಲ್ನಲ್ಲಿ ನಮ್ ಬೋರಣ್ಣ ಎಷ್ಟ್ ಪಾಯಿಂಟ್ ತಂದ್ರಪ್ಪ?"

ಫೋನು ಬಲು ವಿನಯದಿಂದ ಉತ್ತರಿಸಿತು: "ಕ್ಷಮಿಸಿ, ಸೊನ್ನೆ ಎಂದು ಯಾರಿಗೂ ಹೇಳಬಾರದೆಂದು ಬೋರೇಗೌಡರೇ ಬರೆಸಿದ್ದಾರೆ."