ಮೂರನೆಯವನು

"ನಿಮ್ಮ ಗಾಡಿ ಎಲ್ಲಿಗೆ ಬಂತು?" ಎಂದು ಬೆಂಕಿ ಬಿದ್ದಿದ್ದ ಪಕ್ಕದೂರಿನ ಅಗ್ನಿಶಾಮಕ ಠಾಣೆಯ ಕ್ಯಾಪ್ಟನ್ ರೇಡಿಯೋದಲ್ಲಿ ಎರಡನೇ ಸಲ ಕೇಳಿದಾಗ, ಗಾಡಿ ಇನ್ನೂ ಅರುಂಧತಿಯ ಕಣ್ಣೆದುರೇ ನಿಂತಿತ್ತು. ಸ್ಯಾನ್ ಡಿಯಾಗೋದ ಪೂರ್ವದ ಗುಡ್ಡಗಳಲ್ಲಿದ್ದ ಅವಳ ಠಾಣೆಯಲ್ಲಿ ಎಲ್ಲರೂ ಸ್ವಯಂಸೇವಕರೇ. ಮೂವರಿಲ್ಲದೆ ಗಾಡಿ ಹೊರಡುವಂತಿಲ್ಲ. ಒಳಗೆ ಕೂತಿದ್ದವರು ಇಬ್ಬರು.

ಮೂರನೆಯವನು ಅವಳ ಗಂಡ ಗುರುಕಿರಣ್. ಇಪ್ಪತ್ತು ನಿಮಿಷದ ಹಿಂದೆ ಫೋನಿನಲ್ಲಿ "ಬಂದೆ" ಎಂದಿದ್ದ. ಇನ್ನೂ ಕುರ್ಚಿಯಿಂದ ಎದ್ದಿರದಿದ್ದರೂ ಅವನು ಹಾಗೇ ಹೇಳುತ್ತಾನೆಂಬುದು ಅವಳಿಗೆ ಗೊತ್ತಿರದ್ದೇನಲ್ಲ. ಆದರೂ ರೇಡಿಯೋ ನೋಡಿಕೊಳ್ಳುತ್ತಿದ್ದ ಅವಳು ಬೋರ್ಡಿನ ಮೇಲೆ ಅವನ ಹೆಸರು ಬರೆದು, "ಮೂವರು ಹೊರಟರು" ಎಂದು ಪಕ್ಕದೂರಿಗೆ ತಿಳಿಸಿಬಿಟ್ಟಿದ್ದಳು. ಈಗ ಮತ್ತೆ ಫೋನ್ ಮಾಡಿದಳು.

"ಎಲ್ಲಿದೀರಿ?"

"ಬಂದೆ ಕಣೇ, ಬಂದೆ." ಹಿಂದೆ ಲಿಫ್ಟಿನ ಗಂಟೆ ಕೇಳಿಸಿತು.

"ಇನ್ನೂ ಕಾರ್ಲ್ಸ್‌ಬಾಡ್ ಆಫೀಸಲ್ಲೇ ಇದೀರಾ? ಅಲ್ಲಿಂದ ಒಂದು ಗಂಟೆ ಡ್ರೈವ್ ರೀ!"

"ಮೀಟಿಂಗ್ ಮುಗೀಲಿಲ್ಲ. ಐದೇ ನಿಮಿಷ ಅಂತ ಹೇಳಿರು."

"ಊಟಕ್ಕೆ ಕರೆದೋರಿಗೆ ಹೇಳೋ ಮಾತು ಅದು. ಅಲ್ಲಿ ಮನೆಗಳು ಉರೀತಿವೆ!"

"ಈಗ ಇಲ್ಲ ಅಂದ್ರೆ ನಮ್ಮ ಮರ್ಯಾದೆ ಏನಾಗುತ್ತೆ, ಅರು?"

ಅವಳು ಫೋನ್ ಕೆಳಗಿಟ್ಟಳು. ಗಾಡಿಯಲ್ಲಿದ್ದ ಇಬ್ಬರೂ ಅವಳನ್ನೇ ನೋಡುತ್ತಿದ್ದರು. ರೇಡಿಯೋದ ಗುಂಡಿ ಒತ್ತಿ, ಒಂದೊಂದೇ ಪದವನ್ನು ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿದಳು: "ನಾನು ಹೇಳಿದ್ದು ತಪ್ಪು. ನಮ್ಮ ಗಾಡಿ ಹೊರಟೇ ಇಲ್ಲ. ಇಲ್ಲಿರುವುದು ಇಬ್ಬರೇ. ನಮಗಾಗಿ ಕಾಯಬೇಡಿ."

ಬೈಗುಳಕ್ಕಾಗಿ ಅವಳು ಕಾದಳು. ಆ ಕಡೆಯ ಕ್ಯಾಪ್ಟನ್ ಆಗಲೇ ಇನ್ನೊಂದು ಠಾಣೆಯ ಹೆಸರು ಹಿಡಿದು ಕೂಗುತ್ತಿದ್ದರು.